ಹಳ್ಳ ಯಾವ ಹೊಳೆಗೆ ಸೇರುತ್ತದೆ?

ಪ್ರಶ್ನೆ: ದೇವರಾಯನದುರ್ಗದ ತಪ್ಪಲಲ್ಲಿ, ಊರ್ಡಿಗೆರೆ ಹೋಬಳಿಯಲ್ಲಿ ನಮ್ಮ ಹೊಲ. ಪಕ್ಕದ ಹಳ್ಳ ಶಿಂಷಾ ಸೇರುತ್ತದೆ ಅನ್ನುತ್ತಾರೆ ಹಿರಿಯರು, ಮೊಬೈಲ್ ನಕ್ಷೆ ಜಯಮಂಗಲಿ ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಊರಿನ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ, ಹಾಗಾಗಿ ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ. ನೀರು ಕವಲಾಗುವುದು ದುರ್ಗದ ಬೆಟ್ಟಸಾಲಿನಲ್ಲೇ. ಉತ್ತರಕ್ಕಿಳಿದದ್ದು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿ ಸೇರಿ, ನೆಲ್ಲೂರಿನ ಕಡೆ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕಿಳಿದದ್ದು ಶಿಂಷಾ ಆಗಿ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ.

ಮೂಲ ಹುಡುಕಿಕೊಂಡು ಬೆಟ್ಟ ಹತ್ತುವುದೇ ಎಲ್ಲರೂ ಮಾಡುವ ತಪ್ಪು. ಹಳ್ಳ ಯಾವ ಹೊಳೆಯದ್ದು ಅಂತ ಗೊತ್ತಾಗುವುದು ಅದು ಕೂಡುವ ಜಾಗದಲ್ಲಿ, ಹುಟ್ಟುವ ಜಾಗದಲ್ಲಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆ ತರಿಸಿ. ದುರ್ಗ 57 ಜಿ/3ರಲ್ಲಿದೆ, ಕೊರಟಗೆರೆ 57 ಜಿ/2ರಲ್ಲಿ. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಯೇ ಸಮೋನ್ನತಿ ರೇಖೆ, ಅದರ ಮೇಲಿನ ಅಂಕಿ ಆ ಎತ್ತರ. ಆ ರೇಖೆ ಬಾಣದ ಮೊನೆಯಂತೆ ಮಡಚಿಕೊಂಡಿರುವ ಕಡೆ ಕಣ್ಣಿಡಿ. ಮೊನೆ ಹೆಚ್ಚಿನ ಅಂಕಿಯತ್ತ ಚಾಚಿದ್ದರೆ ಅದು ಹಳ್ಳ, ಕಡಿಮೆ ಅಂಕಿಯತ್ತ ಚಾಚಿದ್ದರೆ ದಿಣ್ಣೆ. ದಿಣ್ಣೆಯ ಮೊನೆಗಳನ್ನು ಪೆನ್ಸಿಲ್‌ನಿಂದ ಕೂಡಿಸುತ್ತಾ ಹೋದರೆ ಹಳ್ಳದ ಜಲಾನಯನ, ಅಂದರೆ ಮಳೆನೀರು ಹಳ್ಳಕ್ಕೆ ಹರಿದುಬರುವ ಜಾಗ, ತಾನಾಗಿ ಮೂಡುತ್ತದೆ. (ಜಲಾನಯನಕ್ಕೆ ಅಚ್ಚುಕಟ್ಟು ಅನ್ನಬೇಡಿ. ಅಚ್ಚುಕಟ್ಟು ಕೆರೆ ಏರಿಯ ಕೆಳಗೆ, ಜಲಾನಯನ ಮೇಲೆ.) ಅದರ ಮೇಲೆ ಗ್ರಾಫ್ ಹಾಳೆ ಇಟ್ಟು ಚೌಕ ಎಣಿಸಿ: ಒಂದು ಚದರ ಸೆಂ.ಮೀ. ಅಂದರೆ 25 ಹೆಕ್ಟೇರ್. ಅಷ್ಟು ಜಾಗದಲ್ಲಿ 40 ಮಿ.ಮೀ. ಮಳೆ ಬಿದ್ದು ಹತ್ತರಲ್ಲೊಂದು ಪಾಲು ಹರಿದರೂ 10 ಲಕ್ಷ ಲೀಟರ್.

ತೊಡಕಿರುವುದು ಮುಂದೆ. ಆ ಹಾಳೆಯಲ್ಲಿ ರೇಖೆಯಿಂದ ರೇಖೆಗೆ 20 ಮೀಟರ್ ಅಂತರ. ತಪ್ಪಲಿನ ಹೊಲಗಳ ನಡುವಿನ ದಿಣ್ಣೆ ಎರಡು ಮೂರು ಮೀಟರ್ ಇದ್ದರೆ ನಕ್ಷೆಗೆ ಅದು ಕಾಣುವುದೇ ಇಲ್ಲ. ಫೋನಿನ ಎತ್ತರ ತೋರಿಸುವ ಆ್ಯಪ್ ಇದಕ್ಕೆ ಒದಗುವುದಿಲ್ಲ. ಅದರ ತಪ್ಪೇ ದಿಣ್ಣೆಗಿಂತ ದೊಡ್ಡದು. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಸಾಕು. 20 ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ತುದಿಗಳನ್ನು ಅಳತೆ ಗುರುತಿನ ಎರಡು ಕೋಲಿಗೆ ಕಟ್ಟಿ. ನೀರು ಹೆಚ್ಚು ಅಂಕಿ ತೋರಿಸುವ ಕೋಲಿನ ಬುಡದ ನೆಲವೇ ತಗ್ಗು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಟ್ಟಿತು. ಪೈಪನ್ನು ಬಿಸಿಲಲ್ಲಿ ಬಿಡಬೇಡಿ.

ಒಣಹಳ್ಳದಲ್ಲಿ ನೀರು ಯಾವ ಕಡೆ ಹೋಯಿತು ಅಂತ ಅನುಮಾನ ಬಂದರೆ ಹೊಂಗೆ, ಲಕ್ಕಿ ಗಿಡಗಳ ಬುಡ ನೋಡಿ. ಕಸ ಕಡ್ಡಿ ಸಿಕ್ಕಿಕೊಂಡಿರುವ ಮಗ್ಗುಲು ನೀರು ಬಂದ ದಿಕ್ಕು. ಬಂಡೆಯ ಹಿಂದೆ ಮರಳು ಬಾಲದಂತೆ ಸಣ್ಣಗಾಗುತ್ತಾ ಹೋಗಿರುವುದು ನೀರು ಹೋದ ದಿಕ್ಕು.

ಕೊನೆಗೆ ಕೆರೆ ಕೋಡಿ. ನಮ್ಮ ಕಡೆಯ ಹಳ್ಳ ಒಂದೇ ಓಟದಲ್ಲಿ ಹೊಳೆ ಸೇರುವುದಿಲ್ಲ. ಕೆರೆಗೆ ಬಂದು, ಕೋಡಿ ಬಿದ್ದು, ಮುಂದಿನ ಕೆರೆಗೆ ಹೋಗುತ್ತದೆ. ಮೊಬೈಲ್ ನಕ್ಷೆಯ ನೀಲಿ ಗೆರೆ ಎಷ್ಟೋ ಸಲ ಕೆರೆಯಂಗಳದಲ್ಲೇ ಕಡಿದುಹೋಗಿರುತ್ತದೆ. ದಿಣ್ಣೆಗೆ ಒತ್ತಿಕೊಂಡ ಕೆರೆಗೆ ಏರಿಯ ಎರಡೂ ತುದಿಯಲ್ಲಿ ಕೋಡಿಯಿದ್ದರೆ, ಒಂದು ತುದಿಯ ನೀರು ಪಕ್ಕದ ಕಣಿವೆಗೆ ಇಳಿಯಬಹುದು. ಅಂಥ ಕಡೆ ಹಿರಿಯರ ಮಾತೂ ನಿಜವಾದೀತು. ಕೋಡಿ ಬಿದ್ದ ವರ್ಷ ಯಾವ ಊರಿನ ಗದ್ದೆಗೆ ನೀರು ನುಗ್ಗಿತ್ತು ಅಂತ ಕೆರೆ ನೀರು ಬಿಡುವ ನೀರುಗಂಟಿಯವರನ್ನು ಕೇಳಿ, ಆಮೇಲೆ ನಕ್ಷೆ ತಿದ್ದಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಹಳ್ಳದ ‘ಸೆಲೆ’ ತೋರಿಸುವವರಿಗೆ ದುಡ್ಡು ಕೊಡುವಷ್ಟು ಇದ್ದರೆ ಆ ದುಡ್ಡಲ್ಲಿ ಪೈಪ್ ಕೊಳ್ಳಿ.

ಪ್ರಶ್ನೆ: ಕೋಲಾರದ ಅಂತರಗಂಗೆಗೆ ಕಾಶಿಯಿಂದ ನೀರು ಬರುತ್ತದಂತೆ?

ಉತ್ತರ: ಶತಶೃಂಗ ಬೆಟ್ಟದ ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕಿನಲ್ಲಿ ಜಿನುಗಿ ಬರುತ್ತದೆ.

ಪ್ರಶ್ನೆ: ಪಾಲಾರ್ ನಂದಿಬೆಟ್ಟದಲ್ಲಿ ಹುಟ್ಟುತ್ತದೆಯೇ?

ಉತ್ತರ: ಇಲ್ಲ, ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ. ಎಲ್ಲ ನದಿಯನ್ನೂ ನಂದಿಯ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಕೋಲಾರ ತಾಲ್ಲೂಕಿನ ನಮ್ಮ ಹಳ್ಳ ಈಗ ಬೇಸಿಗೆಯಲ್ಲೂ ಹರಿಯುತ್ತಿದೆ. ಸೆಲೆ ಮರಳಿತೇ?

ಉತ್ತರ: ಕೆ.ಸಿ. ವ್ಯಾಲಿ ಯೋಜನೆಯ ಕೆರೆ ಮೇಲುಗಡೆ ಇದೆಯೇ ಮೊದಲು ನೋಡಿ. ಇದ್ದರೆ ಅದು 2018ರಿಂದ ಪಂಪ್ ಆಗಿ ಬರುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಕುಡಿಯಬೇಡಿ.

ಪ್ರಶ್ನೆ: ಗೌರಿಬಿದನೂರು ಕಡೆ ನಮ್ಮ ಹೊಲದೊಳಗಿನ ಹಳ್ಳ ಒಣಗಿ ವರ್ಷಗಳಾದವು. ಸಮ ಮಾಡಿ ಉಳಬಹುದೇ?

ಉತ್ತರ: ಬೇಡ. ಪಹಣಿಯ ಖರಾಬು (ಸಾಗುವಳಿಗೆ ಬಾರದ ಜಾಗ) ಕಾಲಂ ನೋಡಿ. ‘ಬಿ’ ಖರಾಬು ಅಂತಿದ್ದರೆ ಅದು ನಿಮ್ಮದಲ್ಲ, ಸಾರ್ವಜನಿಕರದ್ದು. ನೀರು ಬಾರದ ಹಳ್ಳವೂ ಹಳ್ಳವೇ. ಜೋರು ಮಳೆಗೆ ನೀರು ಹಳೇ ದಾರಿ ಹಿಡಿದು ನಿಮ್ಮ ಮೇಲ್ಮಣ್ಣನ್ನೇ ಹೊತ್ತೊಯ್ಯುತ್ತದೆ. ಗಡಿ ತಕರಾರಿದ್ದರೆ ಗ್ರಾಮ ನಕಾಶೆ ತೆಗೆಸಿ ಸರ್ವೆಯವರನ್ನು ಕರೆಸಿ, ಅದೂ ರಾಗಿ ಕೊಯ್ದ ಮೇಲೆ. ಪೈರು ನಿಂತಿದ್ದರೆ ಗಡಿಕಲ್ಲು ಕಾಣುವುದಿಲ್ಲ.