ಓದುಗರ ಪ್ರಶ್ನೆ: ಸೈಕಲ್ ಟ್ಯೂಬು ಕಟ್ಟಿಕೊಂಡ ಹುಡುಗನ ಮೂಲ ಕಥೆ

ಪ್ರಶ್ನೆ: ಹತ್ತು ಹನ್ನೆರಡು ವರ್ಷಗಳ ಹಿಂದೆ ಹಿಂದಿ ವಾಹಿನಿಯೊಂದರಲ್ಲಿ ಒಂದು ಕಾರ್ಟೂನ್ ಬರುತ್ತಿತ್ತು. ಅದರಲ್ಲಿ ಬಡ ಹುಡುಗನೊಬ್ಬ ಮೈಗೆ ಸೈಕಲ್ ಟ್ಯೂಬು ಬಿಗಿದುಕೊಂಡು ಕ್ರಿಕೆಟ್ ಅಭ್ಯಾಸ ಮಾಡುತ್ತಿದ್ದ. ಅದು ಜಪಾನಿನ ಕಥೆ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಜಪಾನಿಗೂ ಕ್ರಿಕೆಟ್ಟಿಗೂ ಎಲ್ಲಿಯ ನಂಟು? (ಧಾರವಾಡದ ಓದುಗರು)

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ನೀವು ನೋಡಿದ್ದು 'ಸೂರಜ್: ದಿ ರೈಸಿಂಗ್ ಸ್ಟಾರ್' ಎಂಬ ಧಾರಾವಾಹಿ. 2012ರ ಡಿಸೆಂಬರ್ 23ರಂದು ಕಲರ್ಸ್ ವಾಹಿನಿಯಲ್ಲಿ ಆರಂಭವಾದ ಇದು 26 ಕಂತುಗಳಷ್ಟು ನಡೆಯಿತು. ಜಪಾನಿನ ಟಿಎಂಎಸ್ ಸಂಸ್ಥೆ ಮತ್ತು ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್ ಸೇರಿ ಇದನ್ನು ತಯಾರಿಸಿದವು. ಇದರ ಮೂಲ 'ಕ್ಯೋಜಿನ್ ನೊ ಹೋಶಿ' ಎಂಬ ಬೇಸ್‌ಬಾಲ್ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಇಕ್ಕಿ ಕಾಜಿವಾರಾ ಕಥೆ ಬರೆದು ನೊಬೋರು ಕವಾಸಾಕಿ ಚಿತ್ರ ಬಿಡಿಸಿದ ಈ ಕೃತಿ, ಕೊಡಾನ್ಶಾ ಪ್ರಕಾಶನದ ಶೋನೆನ್ ಮ್ಯಾಗಜೀನ್ ವಾರಪತ್ರಿಕೆಯಲ್ಲಿ 1966ರಿಂದ 1971ರವರೆಗೆ ಪ್ರಕಟವಾಯಿತು.

'ಕ್ಯೋಜಿನ್' ಎಂದರೆ ದೈತ್ಯ. ಟೋಕಿಯೋದ ಯೋಮಿಯುರಿ ಜೈಂಟ್ಸ್ ಬೇಸ್‌ಬಾಲ್ ತಂಡವನ್ನು ಅಲ್ಲಿನ ಜನ ಈ ಹೆಸರಿನಿಂದಲೇ ಕರೆಯುತ್ತಾರೆ. 'ಹೋಶಿ' ಎಂದರೆ ನಕ್ಷತ್ರ, ಅದೇ ಕಥಾನಾಯಕನ ಮನೆತನದ ಹೆಸರೂ ಹೌದು. ಆ ನಕ್ಷತ್ರ ನಮ್ಮಲ್ಲಿಗೆ ಬರುವಾಗ ಸೂರ್ಯನಾದದ್ದು ನನಗೆ ಇಷ್ಟವಾದ ಸಂಗತಿ. ಟೋಕಿಯೋದ ಸಾಲುಮನೆಯ ಜಾಗದಲ್ಲಿ ಮುಂಬಯಿಯ ಕೊಳೆಗೇರಿ ಬಂತು. ಮೂಲದಲ್ಲಿ ಮೋಟಾರು ಕಂಪನಿಯ ಒಡೆಯನ ಮಗನಾಗಿ, ಇನ್ನೂ ಬಾಲಕನಿರುವಾಗಲೇ ಸ್ಪೋರ್ಟ್ಸ್ ಕಾರು ಓಡಿಸುತ್ತಿದ್ದ ಪ್ರತಿಸ್ಪರ್ಧಿ ಹಾನಾಗಾತಾ ಮಿತ್ಸುರು, ಇಲ್ಲಿ ವಿಕ್ರಮ್ ಎಂಬ ಸಿರಿವಂತರ ಹುಡುಗನಾದ. ವೇಗವಾಗಿ ಬೆಳೆಯುತ್ತಿದ್ದ 1960ರ ದಶಕದ ಜಪಾನಿನಲ್ಲಿ ಬಡವರ ಮನೆಯ ಹುಡುಗನೊಬ್ಬ ಆಟದ ಬಲದಿಂದ ಮೇಲೇರುವ ಕಥೆ, ಅದೇ ಹಾದಿಯಲ್ಲಿದ್ದ ಭಾರತಕ್ಕೂ ಹೊಂದುತ್ತದೆ ಎಂಬುದು ನಿರ್ಮಾಪಕರ ಎಣಿಕೆಯಾಗಿತ್ತು.

ಆದರೆ ಆಟ ಬದಲಾದರೆ ಕಥೆಯ ಒಳಗಿನ ಯಂತ್ರವೂ ಬದಲಾಗಬೇಕಾಗುತ್ತದೆ. ಮೂಲದ ನಾಯಕ ಹೋಶಿ ಹ್ಯೂಮಾ ಸಣ್ಣ ಮೈಕಟ್ಟಿನ ಎಡಗೈ ಪಿಚರ್, ಅಂದರೆ ಬ್ಯಾಟುಗಾರನಿಗೆ ಚೆಂಡು ಎಸೆಯುವವನು. ಅವನ ಚೆಂಡಿಗೆ ವೇಗವಿದೆ, ತೂಕವಿಲ್ಲ. ಬ್ಯಾಟಿಗೆ ಸರಿಯಾಗಿ ಸಿಕ್ಕರೆ ಬಹುದೂರ ಹಾರಿಹೋಗುತ್ತದೆ. ಈ ಕೊರತೆಯನ್ನು ಮೀರಲು ಅವನು ಕಂಡುಕೊಳ್ಳುವ 'ಮೇಜರ್ ಲೀಗ್ ಬಾಲ್' ಒಂದನೆಯದು, ಎದುರಾಳಿಯ ಬ್ಯಾಟು ಎಲ್ಲಿರುತ್ತದೆ ಎಂದು ಮೊದಲೇ ಊಹಿಸಿ ಆ ಬ್ಯಾಟಿಗೇ ಗುರಿಯಿಟ್ಟು ಎಸೆಯುವ ಚೆಂಡು. ಬೇಸ್‌ಬಾಲ್‌ನಲ್ಲಿ ಚೆಂಡು ಬ್ಯಾಟಿಗೆ ತಗುಲಿ ಅಂಗಳದೊಳಗೆ ಉರುಳಿದರೆ ಬ್ಯಾಟುಗಾರ ಓಡಲೇಬೇಕು, ಹಾಗೆ ಮೆಲ್ಲಗೆ ಉರುಳಿದ ಚೆಂಡಿಗೆ ಓಡಿದರೆ ಸಾಮಾನ್ಯವಾಗಿ ಔಟಾಗುತ್ತಾನೆ. ಕ್ರಿಕೆಟ್‌ನಲ್ಲಿ ಚೆಂಡನ್ನು ಬ್ಯಾಟಿಗೆ ತಾಗಿಸಿ ಸುಮ್ಮನೆ ನಿಲ್ಲುವುದಕ್ಕೆ ರಕ್ಷಣಾತ್ಮಕ ಆಟವೆಂಬ ಗೌರವದ ಹೆಸರೇ ಇದೆ. ಆದ್ದರಿಂದ ಮೂಲದ ಅತ್ಯಂತ ಚತುರವಾದ ಕಲ್ಪನೆ ನಮ್ಮ ಆಟದ ನಿಯಮದೊಳಗೆ ಇದ್ದ ಹಾಗೆಯೇ ಕೂರುವಂತಿರಲಿಲ್ಲ. ಉಳಿದುಕೊಂಡದ್ದು ಮುಖ್ಯವಾಗಿ ಅಪ್ಪ, ಮಗ ಮತ್ತು ಬಡತನ.

ಪ್ರಶ್ನೆ: ಈ ಕಥೆಯ ತಂದೆ ಮಗನ ಮೈಗೆ ಸ್ಪ್ರಿಂಗು ಬಿಗಿಯುತ್ತಾನೆ, ಊಟದ ಮೇಜನ್ನು ಬುಡಮೇಲು ಮಾಡುತ್ತಾನೆ ಎಂದು ಓದಿದ್ದೇನೆ. ಇಂಥ ಹಿಂಸೆಯನ್ನು ಆದರ್ಶವೆಂದು ತೋರಿಸುವ ಕೃತಿಯನ್ನು ಮಕ್ಕಳ ಕೈಗೆ ಕೊಡಬಹುದೇ? (ಮೈಸೂರಿನ ಶಿಕ್ಷಕಿಯೊಬ್ಬರು)

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಇತ್ತೆತ್ಸು ಎಂಬ ಆ ತಂದೆ ಎಳೆಯ ಮಗನ ತೋಳು, ಎದೆ, ಬೆನ್ನುಗಳಿಗೆ ಉಕ್ಕಿನ ಸ್ಪ್ರಿಂಗುಗಳ ಕವಚ ತೊಡಿಸುತ್ತಾನೆ. ಹುಡುಗ ಅದನ್ನು ಅಂಗಿಯ ಕೆಳಗೆ ಧರಿಸಿಕೊಂಡೇ ದಿನದ ಕೆಲಸಗಳನ್ನೆಲ್ಲ ಮಾಡಬೇಕು. ತೋಳು ಮಡಚಿದಾಗಲೆಲ್ಲ ಸ್ಪ್ರಿಂಗು ಎಳೆಯುತ್ತದೆ. ಭಾರತದ ಆವೃತ್ತಿಯಲ್ಲಿ ಇದನ್ನು ಸೈಕಲ್ ಟ್ಯೂಬಿಗೆ ಬದಲಿಸಿದ್ದು ಬಹಳ ವಿವೇಕದ ತೀರ್ಮಾನ ಎಂದು ನನ್ನ ಭಾವನೆ, ಏಕೆಂದರೆ ಅದರಿಂದ ನೋಟದ ಕ್ರೌರ್ಯ ಕಡಿಮೆಯಾಗುವುದರ ಜೊತೆಗೆ ಬಡವರ ಮನೆಯಲ್ಲಿ ನಿಜಕ್ಕೂ ಸಿಗುವ ವಸ್ತುವೊಂದು ಕಥೆಯೊಳಗೆ ಬರುತ್ತದೆ.

ಊಟದ ಮೇಜಿನ ವಿಷಯ ಇನ್ನೂ ಕುತೂಹಲಕರ. ಜಪಾನಿನಲ್ಲಿ ಇತ್ತೆತ್ಸುವಿನ ಹೆಸರೆತ್ತಿದರೆ ಜನರಿಗೆ ಮೊದಲು ನೆನಪಾಗುವುದು ತಗ್ಗು ಮೇಜನ್ನು ಅನ್ನದ ಬಟ್ಟಲುಗಳ ಸಮೇತ ಮಗುಚುವ ದೃಶ್ಯ. ಆದರೆ ಮೂಲ ಮಾಂಗಾದಲ್ಲಿ ಅದು ನಡೆಯುವುದು ಒಂದೇ ಒಂದು ಸಲ, ಅದೂ ಮಗನ ಮೇಲೆ ಕೈಮಾಡುವ ಭರದಲ್ಲಿ. ಟಿವಿ ಧಾರಾವಾಹಿ ಆ ಚಿತ್ರವನ್ನು ಕಂತಿನ ಕೊನೆಯಲ್ಲಿ ಬರುವ ಹಾಡಿನ ದೃಶ್ಯಗಳೊಳಗೆ ಸೇರಿಸಿದ್ದರಿಂದ ಜನ ಅದನ್ನು ಮತ್ತೆಮತ್ತೆ ನೋಡಿದರು. ಹೀಗೆ ಒಂದು ಕ್ಷಣದ ಸಿಟ್ಟು ಒಂದು ಪಾತ್ರದ ನಿತ್ಯದ ಸ್ವಭಾವವಾಗಿ ಇಡೀ ನಾಡಿನ ನೆನಪಿನಲ್ಲಿ ಉಳಿಯಿತು. ಕೃತಿಯನ್ನು ಮೂಲದಲ್ಲಿ ಓದದೆ ಅದರ ರೂಪಾಂತರದ ನೆನಪಿನಿಂದಲೇ ಅಳೆಯುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಇಷ್ಟಾದರೂ ನಿಮ್ಮ ಪ್ರಶ್ನೆ ಉಳಿಯುತ್ತದೆ: ಇದು ಆದರ್ಶವೇ? ಇತ್ತೆತ್ಸು ಒಂದು ಕಾಲದಲ್ಲಿ ಜೈಂಟ್ಸ್ ತಂಡದಲ್ಲಿ ಮೂರನೇ ಬೇಸನ್ನು, ಅಂದರೆ ಓಟಗಾರ ಮುಟ್ಟಬೇಕಾದ ಮೂರನೇ ನೆಲೆಯನ್ನು, ಕಾಯುತ್ತಿದ್ದ ಆಟಗಾರ. ಯುದ್ಧದಲ್ಲಿ ಭುಜಕ್ಕೆ ಪೆಟ್ಟಾಗಿ ಮರಳಿದವನು, ಕಳೆದುಹೋದ ತೋಳಬಲಕ್ಕೆ ಪ್ರತಿಯಾಗಿ, ಓಡುವವನ ಮುಖದ ಹತ್ತಿರಕ್ಕೆ ನುಗ್ಗಿ ಅವನನ್ನು ಬೆದರಿಸಿ ಬಳಿಕ ತಿರುವು ಪಡೆಯುವ ಒಂದು ಎಸೆತವನ್ನು ರೂಢಿಸಿಕೊಂಡ. ಅಂಥ ಎಸೆತ ತಂಡದ ಘನತೆಗೆ ತಕ್ಕುದಲ್ಲ ಎಂದು ಸಹ ಆಟಗಾರ ಕವಾಕಾಮಿ ಖಂಡಿಸಿದ ಮೇಲೆ ಅವನು ಆಟ ಬಿಟ್ಟು ಕೂಲಿಯಾಳಾದ. ತನಗೆ ದಕ್ಕದ ನಕ್ಷತ್ರವನ್ನು ಮಗನ ತೋಳಿನಿಂದ ಕೀಳಿಸಲು ಹೊರಟವನು ಅವನು. ಮುಂದೆ ಮಗ ಅದೇ ತಂಡ ಸೇರಿದಾಗ ತಂದೆ ಎದುರಾಳಿ ಚೂನಿಚಿ ಡ್ರಾಗನ್ಸ್ ತಂಡದ ತರಬೇತುದಾರನಾಗುತ್ತಾನೆ. ಮಗನ ಪ್ರಾಣಸ್ನೇಹಿತ, ಅವನ ಚೆಂಡನ್ನು ಹಿಡಿಯುತ್ತಿದ್ದ ಬಾನ್ ಚೂತಾನನ್ನೂ ತನ್ನ ತಂಡಕ್ಕೆ ಎಳೆದುಕೊಂಡು ಮಗನ ಎದುರಿಗೇ ನಿಲ್ಲಿಸುತ್ತಾನೆ. ಇದನ್ನು ಓದುತ್ತ ಹೋದಂತೆ ಇದು ಶ್ರಮದ ಹೊಗಳಿಕೆಯಾಗಿ ನನಗೆ ಕಾಣಲಿಲ್ಲ. ಅಪ್ಪನ ಆಸೆಯೊಳಗೆ ಸಿಕ್ಕಿಬಿದ್ದ ಮಗನೊಬ್ಬ ಅದರಿಂದ ಹೊರಬರಲು ತೆರಬೇಕಾದ ಬೆಲೆಯ ಲೆಕ್ಕವಾಗಿ ಕಂಡಿತು. ಮಕ್ಕಳ ಕೈಗೆ ಕೊಡಬಹುದು, ಆದರೆ ಅರ್ಧಕ್ಕೆ ಬಿಡಲು ಕೊಡಬೇಡಿ. ಮೊದಲ ಅರ್ಧ ಮಾತ್ರ ಓದಿದ ಮಗು ನೀವು ಹೆದರುವ ಪಾಠವನ್ನೇ ಕಲಿತೀತು.

ಪ್ರಶ್ನೆ: ಕ್ರೀಡಾ ಅನಿಮೆಗಳಲ್ಲಿ (ಜಪಾನಿ ಕಾರ್ಟೂನುಗಳಲ್ಲಿ) ಒಂದು ಚೆಂಡು ಎಸೆಯುವುದಕ್ಕೆ ಇಡೀ ಕಂತು ಹಿಡಿಯುವುದೇಕೆ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಆ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದೇ 'ಕ್ಯೋಜಿನ್ ನೊ ಹೋಶಿ'ಯ ಟಿವಿ ರೂಪ. ತದಾವೊ ನಾಗಹಾಮಾ ನಿರ್ದೇಶನದಲ್ಲಿ ಟೋಕಿಯೋ ಮೂವಿ ಸಂಸ್ಥೆ ತಯಾರಿಸಿದ 182 ಕಂತುಗಳು 1968ರ ಮಾರ್ಚ್‌ನಿಂದ 1971ರ ಸೆಪ್ಟೆಂಬರ್‌ವರೆಗೆ ಯೋಮಿಯುರಿ ಟಿವಿಯ ಮೂಲಕ ಪ್ರಸಾರವಾದವು. ಮಾಂಗಾದ ಪುಟದಲ್ಲಿ ಕಾಲವನ್ನು ನಿಯಂತ್ರಿಸುವವನು ಓದುಗ. ಒಂದು ಚಿತ್ರದ ಮೇಲೆ ಅವನ ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆಯೋ ಅಷ್ಟು ಹೊತ್ತು ಚೆಂಡು ಗಾಳಿಯಲ್ಲಿರುತ್ತದೆ. ಪರದೆಯಲ್ಲಿ ಆ ಅಧಿಕಾರ ನಿರ್ದೇಶಕನಿಗೆ ಬರುತ್ತದೆ. ನಾಗಹಾಮಾ ಅದನ್ನು ಸಂಕೋಚವಿಲ್ಲದೆ ಬಳಸಿ, ಪಿಚರ್ ಕಾಲೆತ್ತಿದ ಕ್ಷಣದಿಂದ ಚೆಂಡು ಕೈಗವಸು ಸೇರುವವರೆಗಿನ ಅವಕಾಶದಲ್ಲಿ ನೆನಪು, ಸ್ವಗತ, ಉರಿಯುವ ಕಣ್ಣುಗಳು, ಗುಡುಗುವ ಸಂಗೀತ ಎಲ್ಲವನ್ನೂ ತುಂಬಿದರು. ವಾರಕ್ಕೊಂದು ಕಂತು ಬೇಕಾದ ಟಿವಿಗೂ, ವಾರಕ್ಕೊಂದು ಅಧ್ಯಾಯ ಕೊಡುವ ಪತ್ರಿಕೆಗೂ ಓಟ ನಡೆಯುತ್ತಿದ್ದಾಗ, ಕಥೆ ಪತ್ರಿಕೆಯನ್ನು ದಾಟಿ ಹೋಗದಂತೆ ಕಾಲವನ್ನು ಹಿಗ್ಗಿಸುವುದು ಅನುಕೂಲವೂ ಆಗಿತ್ತು. 'ಸ್ಪೋಕೊನ್', ಅಂದರೆ ಕ್ರೀಡೆಯೂ ಕೆಚ್ಚೂ ಸೇರಿದ ಕಥೆ ಎಂಬ ಮಾತಿಗೆ ಜನ ಮೊದಲು ತೋರಿಸುವುದು ಇದನ್ನೇ. ಅದೇ ಪತ್ರಿಕೆಯಲ್ಲಿ ಕಾಜಿವಾರಾ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದ ಮುಷ್ಟಿಯುದ್ಧದ 'ಅಶಿತಾ ನೊ ಜೋ' ಕೂಡ ಆಗಲೇ ನಡೆದಿತ್ತು ಎಂಬುದನ್ನು ನೆನೆದರೆ ಆ ಲೇಖಕರ ದುಡಿಮೆ ಬೆರಗು ಹುಟ್ಟಿಸುತ್ತದೆ.

ಪ್ರಶ್ನೆ: ಮಾಂಗಾಕ್ಕೂ ಅನಿಮೆಗೂ ಅಂತ್ಯ ಬೇರೆಯೇ? ಮುಂದಿನ ಭಾಗಗಳಿವೆಯೇ? (ಬೆಂಗಳೂರಿನ ಓದುಗರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹ್ಯೂಮಾ ಮರಳಿ ಬರುವ 'ಶಿನ್ ಕ್ಯೋಜಿನ್ ನೊ ಹೋಶಿ' 1976ರಲ್ಲಿ ಆರಂಭವಾಯಿತು, ಅದರ ಅನಿಮೆ ಮರುವರ್ಷ ಬಂತು. ಪ್ರತಿಸ್ಪರ್ಧಿ ಹಾನಾಗಾತಾನನ್ನು ನಾಯಕನಾಗಿಸಿದ ಹೊಸ ಮಾಂಗಾ 2006ರಲ್ಲಿ ಶುರುವಾಯಿತು.

ಅಂತ್ಯದ ವಿಷಯ. ತನ್ನ ಕೊನೆಯ ಅಸ್ತ್ರವಾದ ಮೂರನೆಯ 'ಮೇಜರ್ ಲೀಗ್ ಬಾಲ್' ಎಡಗೈಯನ್ನು ನಾಶಮಾಡುತ್ತದೆ ಎಂದು ಗೊತ್ತಿದ್ದೂ ಹ್ಯೂಮಾ ಅದನ್ನು ಎಸೆಯುತ್ತಾನೆ. ತಂದೆಯ ತಂಡದ ಎದುರು, ಕಡೆಯ ಬ್ಯಾಟುಗಾರನಾಗಿ ನಿಂತ ಗೆಳೆಯ ಬಾನ್‌ನನ್ನೂ ಔಟ್ ಮಾಡಿ, ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದ ಪರಿಪೂರ್ಣ ಪಂದ್ಯ ಮುಗಿಸುತ್ತಾನೆ. ತೋಳು ಅಲ್ಲಿಗೇ ಮುರಿದುಹೋಗುತ್ತದೆ. ಇಲ್ಲಿಯವರೆಗೆ ಎರಡೂ ಒಂದೇ. ಮಾಂಗಾದಲ್ಲಿ ಅವನು ಆಮೇಲೆ ಎಲ್ಲರ ಕಣ್ಣಿನಿಂದ ಮರೆಯಾಗುತ್ತಾನೆ. ಕೊನೆಯ ಪುಟಗಳಲ್ಲಿ ಹಳೆಯ ಪ್ರತಿಸ್ಪರ್ಧಿ ಸಾಮೊನ್‌ನ ಮದುವೆ ಚರ್ಚಿನಲ್ಲಿ ನಡೆಯುತ್ತಿರುತ್ತದೆ, ಹ್ಯೂಮಾ ಹೊರಗಿನಿಂದ ಕಿಟಕಿಯಲ್ಲಿ ನೋಡಿ ಯಾರಿಗೂ ಕಾಣಿಸಿಕೊಳ್ಳದೆ ಹೊರಟುಹೋಗುತ್ತಾನೆ. ಮಾಂಗಾ ಮುಗಿದು ಎಂಟು ತಿಂಗಳ ಬಳಿಕ ಕೊನೆಗೊಂಡ ಅನಿಮೆಗೆ ಆ ಒಂಟಿತನವನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲವೆಂದು ತೋರುತ್ತದೆ. ಅಲ್ಲಿ ಇತ್ತೆತ್ಸು ಮೈದಾನಕ್ಕೆ ಬಂದು, ತೋಳಿನ ಬಲ ಕಳೆದುಕೊಂಡ ಮಗನನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆಯುತ್ತಾನೆ. ಯಾವುದು ಮೇಲು ಎಂದರೆ ನಾನು ಮಾಂಗಾದ ಅಂತ್ಯವನ್ನೇ ಆರಿಸುತ್ತೇನೆ, ಏಕೆಂದರೆ ಅದು ತಂದೆಯನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ. ಆದರೂ ಸ್ಪ್ರಿಂಗುಗಳ ಕವಚ ಹೊತ್ತು ಬೆಳೆದ ಹುಡುಗನನ್ನು, ಅದನ್ನು ತೊಡಿಸಿದವನೇ ಕಡೆಗೆ ಹೊರುವುದನ್ನು ನೋಡಿದಾಗ ನನ್ನ ಕಣ್ಣು ತೇವವಾಯಿತು.