ರಾತ್ರಿ ಹೊತ್ತಿನ ಆಸ್ಪತ್ರೆ ಬಿಲ್ಲು ಯಾಕೆ ಅಷ್ಟು ಏರುತ್ತೆ?

ಪತ್ರ: ನಮ್ಮದು ಸಿಂಧನೂರು ತಾಲೂಕಿನ ಹಳ್ಳಿ. ಹೋದ ತಿಂಗಳು ಒಂದು ರಾತ್ರಿ ಏಳು ವರ್ಷದ ಮಗನಿಗೆ ವಾಂತಿ, ಭೇದಿ, ಜ್ವರ. ಬಾಡಿಗೆ ಕಾರಿನಲ್ಲಿ ಖಾಸಗಿ ಆಸ್ಪತ್ರೆಗೆ ಓಡಿದೆವು. ಎರಡು ಬಾಟ್ಲಿ ಸಲೈನ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯ್ತು. ಬೆಳಿಗ್ಗೆ ಮಗ ಆರಾಮಾದ. ಬಿಲ್ಲು ಮಾತ್ರ 6,800 ರೂಪಾಯಿ. ಆಯುಷ್ಮಾನ್ ಕಾರ್ಡ್ ತೋರಿಸಿದರೆ ನಡೆಯಲ್ಲ ಅಂದರು. ಇದು ಸರೀನಾ? ಮುಂದೆ ಹಿಂಗಾದರೆ ಏನು ಮಾಡೋದು?

ಸಂಪಾದಕರ ಉತ್ತರ:

ಮಗ ಆರಾಮಾಗಿದ್ದಾನೆ ಎಂದು ಓದಿ ಸಮಾಧಾನವಾಯಿತು. ಅವನನ್ನು ಎತ್ತಿಕೊಂಡು ಓಡಿದ್ದು ಸರಿಯೇ. ಆ ಹೊತ್ತಲ್ಲಿ ಯಾವ ತಂದೆತಾಯಿಯೂ ದುಡ್ಡಿನ ಲೆಕ್ಕ ಹಾಕುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ಈಗಲೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಹಾಕಿಡಬೇಕು. ಯಾಕೆಂದರೆ ಇಂಥ ಬಿಲ್ಲು ಎಷ್ಟಾಗುತ್ತದೆ ಎಂಬುದು ನಾವು ಯಾವ ಬಾಗಿಲಿಗೆ ಹೋಗುತ್ತೇವೆ ಎಂಬುದರ ಮೇಲೇ ಜಾಸ್ತಿ ನಿಂತಿರುತ್ತದೆ.

ಮೊದಲು ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಅದು ನಡೆಯುವುದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ನಿಗದಿ ಮಾಡಿದ ಚಿಕಿತ್ಸೆಗಳಿಗೆ. ವಾಂತಿ-ಭೇದಿಯಂಥ ಸಾಮಾನ್ಯ ಕಾಯಿಲೆಯನ್ನು ಸರ್ಕಾರಿ ಆಸ್ಪತ್ರೆಯಲ್ಲೇ ನೋಡಬೇಕು ಎಂಬುದು ಅಲ್ಲಿನ ಕ್ರಮ. ದೊಡ್ಡ ಕಾಯಿಲೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಪಟ್ಟಿಯಲ್ಲಿರುವ ಕೆಲವು ತುರ್ತು ಚಿಕಿತ್ಸೆಗಳಿಗೆ ಮಾತ್ರ ಅದು ಬೇಡ. ಕಾರ್ಡ್ ಕೊಡುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇನ್ನು ಸಲೈನ್. ನಮ್ಮ ಕಡೆ ಬಾಟ್ಲಿ ಹಾಕಿದರೇನೇ ಟ್ರೀಟ್‌ಮೆಂಟ್ ಎಂಬ ನಂಬಿಕೆ ಬೇರೂರಿದೆ. ಹಾಕದ ಡಾಕ್ಟರು ದಡ್ಡರು ಎನ್ನುವವರೂ ಇದ್ದಾರೆ. ಹೀಗೆ ಹಾಕುವ ಬಾಟ್ಲಿಗಳಲ್ಲಿ ಗ್ಲುಕೋಸಿನದೂ ಒಂದು ಬಗೆ. 500 ಮಿಲಿ ಲೀಟರಿನ 5 ಪರ್ಸೆಂಟ್ ಗ್ಲುಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲುಕೋಸ್, ಅಂದರೆ ಸುಮಾರು ಐದು ಚಿಕ್ಕ ಚಮಚ ಸಕ್ಕರೆಯಷ್ಟು. ಉಳಿದದ್ದು ನೀರು. ಅದಕ್ಕೆ ಕ್ಯಾನುಲಾ, ಐವಿ ಸೆಟ್, ಗ್ಲೌಸ್, ಬೆಡ್ಡು, ನರ್ಸಿಂಗ್ ಚಾರ್ಜು ಸೇರುತ್ತಾ ಹೋಗುತ್ತದೆ. ಬಾಯಲ್ಲಿ ಕುಡಿಯಬಲ್ಲ ಮಗುವಿಗೆ ಹೆಚ್ಚಾಗಿ ಓಆರ್‌ಎಸ್, ಅಂದರೆ ನೀರಿಗೆ ಬೆರೆಸುವ ಉಪ್ಪು-ಸಕ್ಕರೆಯ ಪುಡಿ, ಸಾಕಾಗುತ್ತದೆ. ಒಂದು ಲೀಟರ್ ಕುಡಿಯುವ ನೀರಿಗೆ ಒಂದು ಪೂರ್ತಿ ಪೊಟ್ಟಣ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದೊಂದೇ ಚಮಚ ಕೊಡಿ. ಐದು ವರ್ಷದೊಳಗಿನ ಮಗುವಾದರೆ ಜೊತೆಗೆ ಡಾಕ್ಟರು ಹೇಳಿದ ಅಳತೆಯಲ್ಲಿ 14 ದಿನ ಝಿಂಕ್. ಇವೆರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಓಆರ್‌ಎಸ್ ಪೊಟ್ಟಣ ಊರಿನ ಆಶಾ ಕಾರ್ಯಕರ್ತೆಯ ಹತ್ತಿರವೂ ಸಿಗುತ್ತದೆ. ಎರಡು ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ.

ಆದರೆ ಮಗು ಏನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಮಂಕಾಗಿದೆ, ಕಣ್ಣು ಒಳಗೆ ಹೋಗಿದೆ, ಮಲದಲ್ಲಿ ರಕ್ತ ಇದೆ ಅಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆಗ ಅದೇ ಸಲೈನು ಜೀವ ಉಳಿಸುತ್ತದೆ. 108ಕ್ಕೆ ಫೋನ್ ಮಾಡಿ, ಕಾರಿನ ಬಾಡಿಗೆಯೂ ಉಳಿಯುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ತುರ್ತು ವಿಭಾಗ ಇರುತ್ತದೆ. ಸ್ವಲ್ಪ ಕಾಯಬೇಕಾಗಬಹುದು, ಬೆಡ್ಡು ನರ್ಸಿಂಗ್ ಹೋಮಿನಷ್ಟು ಚೆಂದ ಇರಲಿಕ್ಕಿಲ್ಲ. ಅಲ್ಲಿ ಆಗದಿದ್ದರೆ ಅವರೇ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಕಳಿಸುತ್ತಾರೆ. ಹೋಗಬೇಕೋ ಬೇಡವೋ ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕೇಳಿ.

ಖಾಸಗಿಗೆ ಹೋಗಲೇಬೇಕಾಯಿತು ಅನ್ನಿ. ಸುಮ್ನೆ ಎಲ್ಲದಕ್ಕೂ ತಲೆಯಾಡಿಸಬೇಡಿ. ‘ಡಾಕ್ಟರೇ, ಅಡ್ಮಿಟ್ ಆಗಲೇಬೇಕಾ? ಈ ಸ್ಕ್ಯಾನಿಂಗ್ ನಾಳೆ ಮಾಡಿಸಿದರೆ ತೊಂದರೆ ಇದೆಯಾ?’ ಎಂದು ಮೆತ್ತಗೆ ಕೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಔಷಧಿ ಚೀಟಿ ಕೊಟ್ಟರೆ ಹೊರಗಿನ ಅಂಗಡಿಯಲ್ಲೋ ಜನೌಷಧಿ ಕೇಂದ್ರದಲ್ಲೋ ತರಬಹುದಾ ಎಂದೂ ಕೇಳಿ. ಖಾಸಗಿ ಆಸ್ಪತ್ರೆಗಳಿಗೆ ನಮ್ಮ ರಾಜ್ಯದಲ್ಲಿ 2007ರ ಕಾಯ್ದೆ ಇದೆ, ಕೆಪಿಎಂಇ ಅನ್ನುತ್ತಾರೆ. ಅದರ ಪ್ರಕಾರ ದರಪಟ್ಟಿ ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿದರೇನೇ ಚಿಕಿತ್ಸೆ ಎಂದು ಹಟ ಹಿಡಿಯುವಂತಿಲ್ಲ.

ಗದ್ದೆ ಸೀಮೆಯವರು ನೀವು, ಹಾವು ಕಡಿತದ ಮಾತು ಹೇಳಲೇಬೇಕು. ವಿಷ ಏರಿದ ಲಕ್ಷಣ ಕಂಡರೆ ಶುರುವಿಗೇ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಂಟು-ಹತ್ತು ವಯಲ್ (ಸಣ್ಣ ಸೀಸೆ) ಬೇಕಾಗುತ್ತದೆ. ಖಾಸಗಿಯಲ್ಲಿ ಅದರ ಖರ್ಚೇ ಸಾವಿರಾರು ರೂಪಾಯಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಂತ್ರ, ನಾಟಿ ಔಷಧಿ ಎಂದು ಒಂದು ಗಂಟೆ ಕಳೆದರೂ ಜೀವಕ್ಕೆ ಕುತ್ತು, ಆಮೇಲೆ ಐಸಿಯು ಖರ್ಚು ಬೇರೆ. ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು ಇವಕ್ಕೂ ಅಷ್ಟೇ, ದುಡ್ಡಿನ ಯೋಚನೆ ಬಿಟ್ಟು ಹತ್ತಿರದ ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ 6,800 ರೂಪಾಯಿ. ಒಟ್ಟು ಮೊತ್ತದ ರಸೀದಿ ಮಾತ್ರ ಇದ್ದರೆ ಆಸ್ಪತ್ರೆಗೆ ಹೋಗಿ ಒಂದೊಂದಕ್ಕೂ ಎಷ್ಟೆಷ್ಟು ಎಂದು ಬರೆದ ಬಿಲ್ಲು ಕೇಳಿ, ಅದು ನಿಮ್ಮ ಹಕ್ಕು. ದರಪಟ್ಟಿಯ ಜೊತೆ ತಾಳೆ ನೋಡಿ. ಜಾಸ್ತಿ ಹಿಡಿದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕುಂದುಕೊರತೆ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅರ್ಜಿಯನ್ನು ರಾಯಚೂರಿನ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬರೆಯಲು ಸಹಾಯ ಬೇಕಾದರೆ ಬಿಲ್ಲಿನ ನಕಲು ನಮಗೆ ಕಳಿಸಿ, ಬರೆದು ಕೊಡುತ್ತೇವೆ.