ಇಸ್ಲಾಂನಲ್ಲಿ ಪ್ರಶ್ನೆ ಕೇಳಬಾರದು ಅಂತಾರೆ, ನಿಜವಾ?

‘ಹೇಳಿದ್ದನ್ನು ಪಾಲಿಸಬೇಕು, ಯಾಕೆ ಏನು ಅನ್ನಬಾರದು, ಅಷ್ಟೇನಾ?’ ಅಂತ ಕೇಳಿದ್ದೀರಿ. ಅಷ್ಟೇ ಆಗಿದ್ದರೆ ಜನರ ಪ್ರಶ್ನೆಗಳಿಗೆ ಧರ್ಮಶಾಸ್ತ್ರದ ಪ್ರಕಾರ ಉತ್ತರ ಹೇಳುವ ನಮ್ಮ ವಿಜಯಪುರದ ಮುಫ್ತಿಗಳಿಗೆ ಕೆಲಸವೇ ಇರುತ್ತಿರಲಿಲ್ಲ ನೋಡಿ.

ಕುರಾನ್‌ನಲ್ಲೇ ‘ಅವರು ನಿಮ್ಮನ್ನು ಕೇಳುತ್ತಾರೆ’ ಅಂತ ಶುರುವಾಗುವ ವಚನಗಳು ಹಲವಿವೆ. ಮದ್ಯ, ಜೂಜು, ಮುಟ್ಟು, ಅನಾಥ ಮಕ್ಕಳು, ಆತ್ಮ, ಎಲ್ಲದರ ಬಗ್ಗೆಯೂ ಜನ ಕೇಳಿದ್ದಾರೆ. ‘ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಿ’ ಅನ್ನೋ ಮಾತು 16ನೇ ಅಧ್ಯಾಯದಲ್ಲಿದೆ. ಹದೀಸ್‌ನಲ್ಲಿ, ಅಂದ್ರೆ ಪ್ರವಾದಿಯವರ ನುಡಿ-ನಡೆಗಳ ದಾಖಲೆಯಲ್ಲಿ, ಒಂದು ಪ್ರಸಂಗ ಬರುತ್ತದೆ. ತಲೆಗೆ ಗಾಯವಾದವನಿಗೆ ಜೊತೆಗಿದ್ದವರು ಸ್ನಾನ ಮಾಡಲೇಬೇಕು ಅಂದರು. ಮಾಡಿದ, ಸತ್ತುಹೋದ. ಪ್ರವಾದಿಯವರಿಗೆ ಸಿಟ್ಟು ಬಂದದ್ದು ಆ ಜೊತೆಗಾರರ ಮೇಲೆ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅರಿಯದವನಿಗೆ ಕೇಳುವುದೇ ಮದ್ದು ಅಂದರು.

ನಮ್ಮ ಕಡೆ ಇದು ಹೇಗೆ ನಡೆಯುತ್ತೆ ಅಂದ್ರೆ, ರಾತ್ರಿಯ ಇಶಾ ನಮಾಜ್ ಮುಗಿದ ಮೇಲೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕೂತು, ‘ಹಜರತ್, ಈ ಸಲದ ಒಣದ್ರಾಕ್ಷಿಗೆ ದಾನ ಅಂತ ಎಷ್ಟು ತೆಗೀಬೇಕ್ರೀ?’ ಅಂತಾರೆ. ಮುಫ್ತಿ ಸಾಹೇಬರು ಉತ್ತರ ಕೊಡಲ್ಲ, ತಿರುಗಿ ಕೇಳ್ತಾರೆ: ‘ನೀರು ಯಾವುದು? ಮಳೆಯದೋ, ಬೋರಿನದೋ?’ ಮಳೆ ನೀರಿಗೆ ಬೆಳೆದದ್ದಾದರೆ ದಾನದ ಪಾಲು 10ರಲ್ಲಿ 1, ದುಡ್ಡು ಸುರಿದು ನೀರೆತ್ತಿದ್ದರೆ 20ರಲ್ಲಿ 1. ಹೊಲ ಸ್ವಂತದ್ದಾ, ಲಾವಣಿಗೆ ಹಿಡಿದದ್ದಾ ಅಂತಲೂ ಕೇಳುತ್ತಾರೆ. ಶರಿಯತ್ ಕೆಲಸ ಮಾಡುವುದೇ ಹೀಗೆ. ಫತ್ವಾ ಅಂದ್ರೂ ಇಷ್ಟೇ, ಕೇಳಿದ್ದಕ್ಕೆ ಕೊಟ್ಟ ಅಭಿಪ್ರಾಯ. ನ್ಯಾಯ ತೀರ್ಮಾನ ಮಾಡುವ ಖಾಜಿಯ ತೀರ್ಪಿನಂತೆ ಕಟ್ಟಿಹಾಕುವುದಲ್ಲ. ಟಿವಿಯವರು ‘ಫತ್ವಾ ಹೊರಡಿಸಿದರು’ ಅಂತ ಕಿರುಚುವುದು ನನಗಂತೂ ತಮಾಷೆ ಅನಿಸುತ್ತೆ.

ಹಾಗಂತ ಎಲ್ಲ ಪ್ರಶ್ನೆಯೂ ಒಳ್ಳೆಯದಲ್ಲ. ಹಜ್ ಕಡ್ಡಾಯ ಅಂದಾಗ ಒಬ್ಬ ‘ಪ್ರತಿ ವರ್ಷವಾ?’ ಅಂತ ಮೂರು ಸಲ ಕೇಳಿದ. ‘ನಾನು ಹೌದು ಅಂದಿದ್ದರೆ ಅದೇ ಕಡ್ಡಾಯವಾಗುತ್ತಿತ್ತು, ನಿಮ್ಮಿಂದ ಆಗುತ್ತಿರಲಿಲ್ಲ’ ಅಂದರು ಪ್ರವಾದಿ. ಸುಮ್ನೆ ಕೆದಕಿ ಹೊರೆ ಹೆಚ್ಚಿಸಿಕೊಳ್ಳಬೇಡಿ ಅನ್ನೋದು ಅದರ ಅರ್ಥ. ನೀವು ಕೇಳಿದ ‘ಪ್ರಶ್ನೆ ಮಾಡಬಾರದು’ ಅನ್ನೋ ಮಾತು ಹುಟ್ಟಿದ್ದು ಬಹುಶಃ ಇಂಥ ಪ್ರಸಂಗಗಳಿಂದಲೇ.

ನನ್ನ ಪ್ರಕಾರ ಈಗಿನ ತೊಂದರೆ ಬೇರೆ. ಒಬ್ಬ ಮುಫ್ತಿ ಆಗಲ್ಲ ಅಂದರೆ, ಅರ್ಧ ವಿಷಯ ಮುಚ್ಚಿಟ್ಟು ಇನ್ನೊಬ್ಬರ ಹತ್ತಿರ ಹೋಗುವವರು ಜಾಸ್ತಿ. ಆಸ್ತಿ ಪಾಲಿನ ವಿಷಯದಲ್ಲಂತೂ ಕೇಳಲೇಬೇಡಿ. ಅದಕ್ಕೇ ಬರೆದುಕೊಡುವ ಫತ್ವಾದಲ್ಲಿ ಪ್ರಶ್ನೆಯನ್ನು ಮೇಲೆ ಹಾಗೇ ಇಳಿಸಿ, ಉತ್ತರದಲ್ಲಿ ‘ಕೇಳಿದ್ದು ನಿಜವಾಗಿದ್ದರೆ ಮಾತ್ರ’ ಅಂತ ಸೇರಿಸುವ ರೂಢಿ ಇದೆ.